‘ನೋಡಿದ್ದೇನೆ’ ಎಂಬ ಸಹಿ

ಮನೆಯಲ್ಲಿ ಮದುವೆ ಗೊತ್ತಾಗಿದೆ. ಲಗ್ನಪತ್ರಿಕೆಯ ಕರಡು ಸಿದ್ಧವಾಗಿ, ಅದರ ಒಂದೊಂದು ಪ್ರತಿ ಶಿವಮೊಗ್ಗದ ಚಿಕ್ಕಪ್ಪನಿಗೂ ಬೆಂಗಳೂರಿನ ಅಕ್ಕನಿಗೂ ಹೋಗಿದೆ. ಪುರೋಹಿತರನ್ನು ಕೇಳಿಕೊಂಡು ಬಂದ ಚಿಕ್ಕಪ್ಪ ಮುಹೂರ್ತದ ಸಮಯವನ್ನು 10:30ರಿಂದ 11:10ಕ್ಕೆ ತಿದ್ದುತ್ತಾರೆ. ಅಕ್ಕ ಹಿಂದಿನ ಸಂಜೆಯ ಆರತಕ್ಷತೆಯ ಸಾಲನ್ನು ಸೇರಿಸುತ್ತಾಳೆ. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಬಿಟ್ಟುಹೋಗಿದ್ದ ಸೋದರತ್ತೆಯ ಹೆಸರನ್ನೂ ಬರೆಯುತ್ತಾಳೆ. ಇಬ್ಬರ ಪ್ರತಿಗಳೂ ಒಂದೇ ದಿನ ಮುದ್ರಣಾಲಯ ತಲುಪುತ್ತವೆ.

ಮುದ್ರಕರು ಕೊನೆಗೆ ಬಂದ ಪ್ರತಿಯನ್ನೇ ಅಚ್ಚಿಗೆ ಹಾಕಿದರೆ ಏನಾಗುತ್ತದೆ? ಅಕ್ಕನದು ಕೊನೆಗೆ ಬಂದಿದ್ದರೆ ನೆಂಟರಿಷ್ಟರೆಲ್ಲರಿಗೂ ತಪ್ಪು ಮುಹೂರ್ತ ಹೋಗುತ್ತದೆ. ಚಿಕ್ಕಪ್ಪನದು ಕೊನೆಗೆ ಬಂದಿದ್ದರೆ ಸೋದರತ್ತೆಯ ಹೆಸರು ಮತ್ತೆ ಬಿಟ್ಟುಹೋಗುತ್ತದೆ. ಇಬ್ಬರೂ ಮಾಡಿದ್ದು ಸರಿಯಾದ ಕೆಲಸವೇ. ಆದರೆ ಒಬ್ಬರ ಸರಿ ಇನ್ನೊಬ್ಬರ ಸರಿಯನ್ನು ಸದ್ದಿಲ್ಲದೆ ಅಳಿಸಿಹಾಕಿತು.

ಸಾಫ್ಟ್‌ವೇರ್ ಬರೆಯುವವರಿಗೆ ಇದು ಎಂದೋ ಒಮ್ಮೆ ಎದುರಾಗುವ ಪೇಚಲ್ಲ, ದಿನವೂ ಎದುರಾಗುವ ಪ್ರಶ್ನೆ. ಲಿನಕ್ಸ್ ಕರ್ನಲ್‌ನ ಪ್ರತಿಯೊಂದು ಹೊಸ ಆವೃತ್ತಿಗೂ ಸಾವಿರಕ್ಕಿಂತ ಹೆಚ್ಚು ಜನ ಕೋಡ್ ಬರೆಯುತ್ತಾರೆ. ಅವರೆಲ್ಲರೂ ಒಂದೇ ಪಠ್ಯದ ತಮ್ಮ ತಮ್ಮ ಪ್ರತಿಗಳನ್ನು ಒಂದೇ ಕಾಲಕ್ಕೆ ತಿದ್ದುತ್ತಿರುತ್ತಾರೆ. ಯಾರ ತಿದ್ದುಪಡಿಯೂ ಕಳೆದುಹೋಗದಂತೆ ಅವನ್ನೆಲ್ಲ ಕೂಡಿಸುವ ವ್ಯವಸ್ಥೆಗೆ ವರ್ಷನ್ ಕಂಟ್ರೋಲ್, ಅಂದರೆ ಆವೃತ್ತಿ ನಿಯಂತ್ರಣ ಎಂದು ಹೆಸರು. ಇದೇ ವ್ಯವಸ್ಥೆಯೊಳಗೆ ‘ಇನ್ನೊಂದು ಕಡೆಯದು ಬೇಡ, ಈ ಕಡೆಯದೇ ಇರಲಿ’ ಎಂದು ಆಜ್ಞೆ ಕೊಡುವ ಅಧಿಕಾರವೂ ಇದೆ. ಅದಕ್ಕೆ ಓವರ್‌ರೈಡ್ ಎನ್ನುತ್ತಾರೆ. ಒಂದೇ ಕ್ಲಿಕ್ಕಿನಲ್ಲಿ ಮುಗಿಯುವ ಈ ಕೆಲಸದ ಒಳಗೆ ನಿಜವಾಗಿ ಏನು ನಡೆಯುತ್ತದೆ ಎಂಬುದೇ ಈ ಅಧ್ಯಾಯದ ವಿಷಯ.

ಬೀಗ ತೆಗೆದವರು

ಮೊದಮೊದಲು ಈ ಪ್ರಶ್ನೆಯೇ ಏಳದಂತೆ ನೋಡಿಕೊಂಡಿದ್ದರು. 1972ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಕ್‌ಕೈಂಡ್ ಕಟ್ಟಿದ ಎಸ್‌ಸಿಸಿಎಸ್ ಆಗಲಿ, 1980ರ ದಶಕದ ಆರಂಭದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಟಿಚಿ ರೂಪಿಸಿದ ಆರ್‌ಸಿಎಸ್ ಆಗಲಿ, ನಂಬಿಕೊಂಡದ್ದು ಬೀಗವನ್ನು. ಫೈಲೊಂದನ್ನು ತಿದ್ದಬೇಕಾದವರು ಮೊದಲು ಅದಕ್ಕೆ ಬೀಗ ಹಾಕಿಕೊಳ್ಳಬೇಕು. ಅವರು ಬೀಗ ತೆಗೆಯುವವರೆಗೆ ಉಳಿದವರು ಓದಬಹುದು, ಬರೆಯುವಂತಿಲ್ಲ. ಬರೆಯುವ ಮಟ್ಟಿಗೆ ಇದು ಗ್ರಂಥಾಲಯದಲ್ಲಿರುವ ಒಂದೇ ಒಂದು ಪ್ರತಿಯನ್ನು ಒಬ್ಬರು ಮನೆಗೆ ಒಯ್ದಂತೆ. ತಿಕ್ಕಾಟ ಹುಟ್ಟುವುದಿಲ್ಲ ನಿಜ. ಆದರೆ ಬೀಗ ಹಾಕಿದವರು ಅದನ್ನು ಮರೆತು ರಜೆಯ ಮೇಲೆ ಹೋದರೆ ಉಳಿದವರ ಕೆಲಸ ನಿಂತುಹೋಗುತ್ತದೆ.

ಆಮ್‌ಸ್ಟರ್‌ಡಾಮಿನ ವ್ರೈಯೆ ವಿಶ್ವವಿದ್ಯಾಲಯದ ಡಿಕ್ ಗ್ರೂನೆ ಅವರಿಗೆ ಈ ಬೀಗ ಹಿಡಿಸಲಿಲ್ಲ. ಅವರೂ ಅವರ ಇಬ್ಬರು ವಿದ್ಯಾರ್ಥಿಗಳೂ ಸೇರಿ ಸಿ ಭಾಷೆಯ ಕಂಪೈಲರ್ ಬರೆಯುತ್ತಿದ್ದರು. ಒಬ್ಬ ವಿದ್ಯಾರ್ಥಿ ಕಚೇರಿಯ ವೇಳೆಯಲ್ಲಿ ಕೆಲಸ ಮಾಡುವವನು, ಇನ್ನೊಬ್ಬನಿಗೆ ಹೊತ್ತುಗೊತ್ತಿನ ನಿಯಮವಿಲ್ಲ, ಗ್ರೂನೆಯವರಿಗೆ ಬಿಡುವು ಸಿಗುತ್ತಿದ್ದುದು ಸಂಜೆ. ಮೂವರೂ ಒಬ್ಬರಿಗೊಬ್ಬರು ಕಾಯುತ್ತ ಕೂತರೆ ಕಂಪೈಲರ್ ಮುಗಿಯುವುದೆಂದು? ‘ಎಲ್ಲರೂ ತಮ್ಮ ಪ್ರತಿಯನ್ನು ಬೇಕೆಂದಾಗ ತಿದ್ದಲಿ, ಆಮೇಲೆ ಕೂಡಿಸೋಣ’ ಎಂಬ ದಾರಿಯನ್ನು ಅವರು ಹಿಡಿದರು. 1986ರಲ್ಲಿ ಅವರು ಎಲ್ಲರ ಬಳಕೆಗೆ ಬಿಟ್ಟುಕೊಟ್ಟ ಆ ವ್ಯವಸ್ಥೆಯೇ ಸಿವಿಎಸ್. ಆಮೇಲೆ ಬಂದ ಸಬ್‌ವರ್ಷನ್, ಗಿಟ್‌ಗಳೂ ಇದೇ ದಾರಿಯಲ್ಲಿ ನಡೆದವು.

ಬೀಗ ಹೋಯಿತು, ಸ್ವಾತಂತ್ರ್ಯ ಬಂತು. ಜೊತೆಗೆ ‘ಆಮೇಲೆ ಕೂಡಿಸುವ’ ಹೊಣೆಯೂ ಬಂತು.

ಮೂರನೆಯ ಪ್ರತಿ

ಕೂಡಿಸುವುದು ಹೇಗೆ? ಎರಡು ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ವ್ಯತ್ಯಾಸ ಹುಡುಕಿದರೆ ಸಾಕು ಅನ್ನಿಸಬಹುದು. ಅಂಥ ಹುಡುಕಾಟವನ್ನು ಕಂಪ್ಯೂಟರಿಗೆ ಕಲಿಸಿದ್ದು ಡಿಫ್ ಎಂಬ ಪುಟ್ಟ ಪ್ರೋಗ್ರಾಮ್. ಬೆಲ್ ಲ್ಯಾಬ್ಸ್‌ನ ಡಗ್ಲಾಸ್ ಮೆಕ್‌ಇಲ್‌ರಾಯ್ ಮತ್ತು ಜೇಮ್ಸ್ ಹಂಟ್ 1976ರಲ್ಲಿ ಅದರ ಲೆಕ್ಕಾಚಾರವನ್ನು ಪ್ರಕಟಿಸಿದರು. ಎರಡೂ ಪ್ರತಿಗಳಲ್ಲಿ ಒಂದೇ ಅನುಕ್ರಮದಲ್ಲಿ ಬರುವ ಸಾಲುಗಳ ಅತಿ ಉದ್ದದ ಸರಣಿಯನ್ನು ಅದು ಹುಡುಕುತ್ತದೆ. ಆ ಸರಣಿಯ ಹೊರಗೆ ಉಳಿದದ್ದೇ ವ್ಯತ್ಯಾಸ.

ಆದರೆ ವ್ಯತ್ಯಾಸ ಗೊತ್ತಾದ ಮಾತ್ರಕ್ಕೆ ಅದರ ಕಾರಣ ಗೊತ್ತಾಗುವುದಿಲ್ಲ. ಅಕ್ಕನ ಪ್ರತಿಯಲ್ಲಿ ಆರತಕ್ಷತೆಯ ಸಾಲಿದೆ, ಚಿಕ್ಕಪ್ಪನದರಲ್ಲಿ ಇಲ್ಲ. ಅದನ್ನು ಅಕ್ಕ ಹೊಸದಾಗಿ ಸೇರಿಸಿದಳೇ? ಅಥವಾ ಮೊದಲೇ ಇದ್ದುದನ್ನು ಚಿಕ್ಕಪ್ಪ ಬೇಡವೆಂದು ಹೊಡೆದುಹಾಕಿದರೇ? ಎರಡೇ ಪ್ರತಿಗಳನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಉತ್ತರ ಸಿಗದು. ಉತ್ತರ ಇರುವುದು ಇಬ್ಬರಿಗೂ ಮೊದಲು ಕಳಿಸಿದ ಕರಡಿನಲ್ಲಿ. ಕರಡಿನಲ್ಲಿ ಆ ಸಾಲು ಇರಲಿಲ್ಲ; ಹಾಗಾಗಿ ಅದು ಅಕ್ಕನ ಸೇರ್ಪಡೆ. ಕರಡಿನಲ್ಲಿ ಮುಹೂರ್ತ 10:30 ಎಂದಿತ್ತು. ಹಾಗಾಗಿ 11:10 ಚಿಕ್ಕಪ್ಪನ ತಿದ್ದುಪಡಿ. ಎರಡನ್ನೂ ಕರಡಿಗೆ ಸೇರಿಸಿದರೆ ಸರಿಯಾದ ಲಗ್ನಪತ್ರಿಕೆ ಸಿದ್ಧ.

ವರ್ಷನ್ ಕಂಟ್ರೋಲಿನ ಭಾಷೆಯಲ್ಲಿ ಈ ಕರಡಿಗೆ ಬೇಸ್ ಎನ್ನುತ್ತಾರೆ. ನನ್ನದು, ಅವರದು, ಇಬ್ಬರಿಗೂ ಪೂರ್ವಜನಾದ ಬೇಸ್, ಹೀಗೆ ಮೂರನ್ನೂ ಇಟ್ಟುಕೊಂಡು ಕೂಡಿಸುವುದೇ ತ್ರೀ ವೇ ಮರ್ಜ್. ಹಳಗನ್ನಡ ಕಾವ್ಯಗಳ ಓಲೆಗರಿಗಳನ್ನು ಓದಿದವರಿಗೆ ಈ ಯೋಚನೆ ಹೊಸದಲ್ಲ. ಲಿಪಿಕಾರರ ಕೈಯಲ್ಲಿ ಕವಲೊಡೆದ ಪ್ರತಿಗಳಲ್ಲಿ ಒಂದೊಂದೂ ಬೇರೆ ಬೇರೆ ಪಾಠಾಂತರ ಕೊಡುವಾಗ, ಅವೆಲ್ಲಕ್ಕೂ ತಾಯಿಯಾದ ಪ್ರತಿಯಲ್ಲಿ ಏನಿದ್ದಿರಬೇಕು ಎಂದು ಸಂಪಾದಕರು ಊಹಿಸುತ್ತ ಹಿಂದಕ್ಕೆ ನಡೆಯುತ್ತಾರೆ. ಡಿ. ಎಲ್. ನರಸಿಂಹಾಚಾರ್ ‘ಕನ್ನಡ ಗ್ರಂಥಸಂಪಾದನೆ’ಯನ್ನು ಬರೆದದ್ದು ಈ ಕಷ್ಟದ ವಿದ್ಯೆಯನ್ನು ಕುರಿತೇ. ಗ್ರಂಥಸಂಪಾದಕರು ಊಹಿಸಬೇಕಾದ ತಾಯಿಪ್ರತಿ ಸಾಫ್ಟ್‌ವೇರಿನವರಿಗೆ ಕಣ್ಣೆದುರೇ ಇರುತ್ತದೆ. ಅದನ್ನು ಕಳೆಯದಂತೆ ಕಾಪಾಡಿಕೊಡುವುದೇ ವರ್ಷನ್ ಕಂಟ್ರೋಲಿನ ಮೊದಲ ಉಪಕಾರ.

‘ಇಷ್ಟೆಲ್ಲ ಏಕೆ, ಯಾವುದನ್ನು ಕೊನೆಗೆ ತಿದ್ದಿದ್ದಾರೋ ಅದನ್ನೇ ಉಳಿಸಿಕೊಂಡರಾಗದೇ?’ ಎಂದು ಕೇಳಬಹುದು. ಎರಡು ಕಂಪ್ಯೂಟರುಗಳ ಗಡಿಯಾರಗಳು ಕರಾರುವಾಕ್ಕಾಗಿ ಹೊಂದಿಕೊಂಡಿರುತ್ತವೆ ಎಂಬ ಖಾತರಿಯಿಲ್ಲ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಬೇರೆ ಬೇರೆ ಯಂತ್ರಗಳಲ್ಲಿ ನಡೆದ ಎರಡು ಘಟನೆಗಳಲ್ಲಿ ಒಂದರ ಸುದ್ದಿ ಇನ್ನೊಂದಕ್ಕೆ ತಲುಪಿರದಿದ್ದರೆ, ಯಾವುದು ಮೊದಲು ಯಾವುದು ಆಮೇಲೆ ಎಂಬ ಪ್ರಶ್ನೆಗೇ ಅಲ್ಲಿ ಅರ್ಥವಿಲ್ಲ ಎಂದು ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ತೋರಿಸಿಕೊಟ್ಟರು. ಅಕ್ಕ ಅರ್ಧ ಗಂಟೆ ತಡವಾಗಿ ಬರೆದಳು ಎಂದ ಮಾತ್ರಕ್ಕೆ ಅವಳು ಚಿಕ್ಕಪ್ಪನ ತಿದ್ದುಪಡಿಯನ್ನು ನೋಡಿದ್ದಳು ಎಂದಾಗುವುದಿಲ್ಲ. ಕೇಳಬೇಕಾದ ಪ್ರಶ್ನೆ ‘ಯಾರು ಕೊನೆಗೆ ಬರೆದರು’ ಎಂಬುದಲ್ಲ. ‘ಯಾರು ಯಾರದನ್ನು ನೋಡಿ ಬರೆದರು’ ಎಂಬುದು.

ಎರಡು ಗುಂಡಿಗಳು

2001ರಲ್ಲಿ ಐಬಿಎಂ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟ ಎಕ್ಲಿಪ್ಸ್ ಎಂಬ ಕೋಡ್ ಬರೆಯುವ ತಂತ್ರಾಂಶ ಈ ಲೆಕ್ಕವನ್ನೆಲ್ಲ ಬಾಣಗಳ ಚಿತ್ರವಾಗಿ ತೋರಿಸುತ್ತದೆ. ಎಲ್ಲರ ಕೆಲಸವನ್ನೂ ಕೂಡಿಟ್ಟಿರುವ ಕೇಂದ್ರದ ರೆಪೊಸಿಟರಿಯೊಂದಿಗೆ ನಿಮ್ಮ ಪ್ರತಿಯನ್ನು ಸಿಂಕ್ ಮಾಡಲು ಹೊರಟಾಗ ಅದು ಪ್ರತಿ ಫೈಲನ್ನೂ ಬೇಸಿನೊಂದಿಗೆ ಹೋಲಿಸುತ್ತದೆ. ಬೇಸ್‌ನಿಂದ ಈಚೆಗೆ ಕೇಂದ್ರದಲ್ಲಿ ಮಾತ್ರ ಬದಲಾಗಿದ್ದರೆ ಎಡಕ್ಕೆ ನೋಡುವ ನೀಲಿ ಬಾಣ: ಅದು ಒಳಬರುವ ಬದಲಾವಣೆ. ನಿಮ್ಮಲ್ಲಿ ಮಾತ್ರ ಬದಲಾಗಿದ್ದರೆ ಬಲಕ್ಕೆ ನೋಡುವ ಬೂದು ಬಾಣ: ಹೊರಹೋಗುವ ಬದಲಾವಣೆ. ಎರಡೂ ಕಡೆ ಬದಲಾಗಿದ್ದರೆ ಎರಡು ತಲೆಯ ಕೆಂಪು ಬಾಣ: ಕಾನ್‌ಫ್ಲಿಕ್ಟ್, ಅಂದರೆ ತಿಕ್ಕಾಟ.

ಕೆಂಪು ಬಾಣ ಕಂಡಾಗ ಸಾಲುಸಾಲಾಗಿ ಓದಿ ಕೂಡಿಸುವುದು ಒಂದು ದಾರಿ. ಅದು ಬೇಡವೆಂದವರಿಗೆ ಮೆನುವಿನಲ್ಲಿ ಎರಡು ಅಡ್ಡದಾರಿಗಳಿವೆ. ‘ಓವರ್‌ರೈಡ್ ಆಂಡ್ ಅಪ್‌ಡೇಟ್’ ಒತ್ತಿದರೆ ನಿಮ್ಮ ತಿದ್ದುಪಡಿಯನ್ನು ಎಸೆದು ಕೇಂದ್ರದ ಪ್ರತಿಯನ್ನು ತಂದಿಡುತ್ತದೆ. ‘ಓವರ್‌ರೈಡ್ ಆಂಡ್ ಕಮಿಟ್’ ಒತ್ತಿದರೆ ಕೇಂದ್ರದಲ್ಲಿದ್ದವರ ತಿದ್ದುಪಡಿಯನ್ನು ಬದಿಗೊತ್ತಿ ನಿಮ್ಮದನ್ನೇ ಹೊಸ ಆವೃತ್ತಿಯಾಗಿ ಮಾಡುತ್ತದೆ.

ಹೊರನೋಟಕ್ಕೆ ಇವೆರಡೂ ಕನ್ನಡಿಯ ಬಿಂಬ ಪ್ರತಿಬಿಂಬದಂತೆ ಕಾಣುತ್ತವೆ. ನಿಜದಲ್ಲಿ ಎರಡರ ಅಪಾಯ ತೀರ ಬೇರೆ.

ಮೊದಲನೆಯದರಲ್ಲಿ ಅಳಿಯುವುದು ನಿಮ್ಮದೇ ಕೆಲಸ. ಅದನ್ನು ನೀವು ಇನ್ನೂ ಕಮಿಟ್ ಮಾಡಿರುವುದಿಲ್ಲ, ಅಂದರೆ ಅದು ಎಲ್ಲೂ ದಾಖಲಾಗಿರುವುದಿಲ್ಲ. ಜಗತ್ತಿನಲ್ಲಿ ಅದಕ್ಕಿದ್ದ ಒಂದೇ ನೆಲೆ ನಿಮ್ಮ ಹಾರ್ಡ್ ಡಿಸ್ಕು. ಎಕ್ಲಿಪ್ಸ್ ತನ್ನ ಲೋಕಲ್ ಹಿಸ್ಟರಿಯಲ್ಲಿ ಸೇವ್ ಮಾಡಿದ ಪ್ರತಿಗಳನ್ನು ಕೆಲವು ದಿನ ಬಚ್ಚಿಟ್ಟಿರುತ್ತದೆ; ನೀವು ಬದಲಾಯಿಸದಿದ್ದರೆ ಅದರ ಗಡುವು 7 ದಿನ. ಸಿವಿಎಸ್ ಕೂಡ ಹಳೆಯ ಪ್ರತಿಯೊಂದನ್ನು ಪಕ್ಕದಲ್ಲಿ ಎತ್ತಿಡುವುದುಂಟು. ಇಂಥ ಆಸರೆಗಳು ಇಲ್ಲದ ಕಡೆ, ಹೋದದ್ದು ಹೋದಂತೆಯೇ.

ಎರಡನೆಯದರಲ್ಲಿ ಅಳಿಯುವುದು ಬೇರೆಯವರ ಕೆಲಸ. ಆದರೆ ಅವರು ಅದನ್ನು ಕಮಿಟ್ ಮಾಡಿದ್ದಾರೆ. ಇತ್ತೀಚಿನ ಆವೃತ್ತಿಯಲ್ಲಿ ಅದು ಕಾಣದಿದ್ದರೂ ಹಿಂದಿನ ಆವೃತ್ತಿಯಲ್ಲಿ ಅಕ್ಷರವೂ ಕೊಂಕದೆ ಕುಳಿತಿರುತ್ತದೆ. ಯಾವಾಗ ಬೇಕಾದರೂ ಹೊರತೆಗೆಯಬಹುದು. ಹಾಗಾದರೆ ಇದು ನಿರಪಾಯವೇ? ಅಲ್ಲ. ಹೊರತೆಗೆಯಬೇಕಾದರೆ ಕಳೆದುಹೋಗಿದೆ ಎಂಬುದು ಯಾರಿಗಾದರೂ ಮೊದಲು ಗೊತ್ತಾಗಬೇಕು. ಲಾಗಿನ್ ಪುಟದ ಭದ್ರತೆಯ ದೋಷವೊಂದನ್ನು ಸಹೋದ್ಯೋಗಿ ಸೋಮವಾರ ಸರಿಪಡಿಸಿದ್ದಾರೆ, ಮಂಗಳವಾರ ನಿಮ್ಮ ಓವರ್‌ರೈಡ್ ಅದನ್ನು ಹಿಂದಕ್ಕೆ ತಳ್ಳಿದೆ ಎಂದುಕೊಳ್ಳಿ. ಸರಿಪಡಿಸಿದವರ ಮನಸ್ಸಿನಲ್ಲಿ ಆ ಕೆಲಸ ಮುಗಿದಿದೆ, ಅವರು ಮತ್ತೆ ತಿರುಗಿ ನೋಡುವುದಿಲ್ಲ. ದೋಷ ಮಾತ್ರ ಮರಳಿ ಬಂದು ಕೂತಿದೆ.

ವ್ಯವಸ್ಥೆ ಎಚ್ಚರಿಸುವುದಿಲ್ಲವೇ? ಇಲ್ಲೇ ಓವರ್‌ರೈಡ್‌ನ ತಿರುಳಿದೆ. ಬೇರೆಯವರು ಈಚೆಗೆ ತಿದ್ದಿದ ಫೈಲಿನ ಮೇಲೆ ಹಳೆಯ ಬೇಸ್ ಹಿಡಿದುಕೊಂಡು ಕಮಿಟ್ ಮಾಡಲು ಹೋದರೆ ಸಿವಿಎಸ್ ಬಾಗಿಲಲ್ಲೇ ತಡೆಯುತ್ತದೆ. ಈ ಎರಡನೆಯ ಓವರ್‌ರೈಡ್ ಮಾಡಿದಾಗ ನಿಮ್ಮ ಪಠ್ಯದ ಒಂದಕ್ಷರವೂ ಬದಲಾಗುವುದಿಲ್ಲ, ಬದಲಾಗುವುದು ಬೇಸ್. ಕೇಂದ್ರದ ಹೊಚ್ಚಹೊಸ ಆವೃತ್ತಿಯೇ ಇನ್ನು ನನ್ನ ಬೇಸ್ ಎಂದು ದಾಖಲಾಗುತ್ತದೆ. ಹಾಗೆಂದರೆ, ‘ಅವರ ತಿದ್ದುಪಡಿಯನ್ನು ನೋಡಿದ್ದೇನೆ, ಯೋಚಿಸಿಯೇ ಬಿಟ್ಟಿದ್ದೇನೆ’ ಎಂದು ನೀವು ಸಹಿ ಹಾಕಿದಂತೆ. ಆ ಸಹಿಯನ್ನು ಯಂತ್ರ ನಂಬುತ್ತದೆ. ಕೆಂಪು ಬಾಣ ಮಾಯವಾಗುತ್ತದೆ. ಮುಂದೆ ಯಾವ ಹೋಲಿಕೆಯಲ್ಲೂ ಆ ತಿದ್ದುಪಡಿ ಮರಳಿ ತಲೆಯೆತ್ತುವುದಿಲ್ಲ, ಏಕೆಂದರೆ ಲೆಕ್ಕದ ಪ್ರಕಾರ ಅದರ ವಿಚಾರಣೆ ಮುಗಿದಿದೆ.

ಇಡೀ ಹಾಳೆಯೋ, ಒಂದು ಸಾಲೋ

ಓವರ್‌ರೈಡ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಲಗ್ನಪತ್ರಿಕೆಯಲ್ಲಿ ಕಲ್ಯಾಣಮಂಟಪದ ವಿಳಾಸವನ್ನು ಅಕ್ಕನೂ ಚಿಕ್ಕಪ್ಪನೂ ಬೇರೆ ಬೇರೆಯಾಗಿ ತಿದ್ದಿದ್ದಾರೆ ಎಂದಿಟ್ಟುಕೊಳ್ಳೋಣ. ನಿಜವಾದ ತಿಕ್ಕಾಟ ಇರುವುದು ಆ ಒಂದು ಸಾಲಿನಲ್ಲಿ. ‘ವಿಳಾಸ ಅಕ್ಕ ಬರೆದದ್ದೇ ಸರಿ’ ಎಂದು ತೀರ್ಮಾನಿಸಿ ಅಕ್ಕನ ಇಡೀ ಪ್ರತಿಯನ್ನೇ ಎತ್ತಿಕೊಂಡರೆ, ಯಾವ ತಕರಾರೂ ಇಲ್ಲದಿದ್ದ ಚಿಕ್ಕಪ್ಪನ 11:10 ಕೂಡ ಕೊಚ್ಚಿಹೋಗುತ್ತದೆ.

ಈ ಎರಡರ ಅಂತರವನ್ನು ಸಬ್‌ವರ್ಷನ್ ಸ್ಪಷ್ಟವಾಗಿ ಹೆಸರಿಟ್ಟು ತೋರಿಸಿತು. ಅದರಲ್ಲಿ ‘ಮೈನ್ ಫುಲ್’ ಎಂದರೆ ಇಡೀ ಫೈಲ್ ನನ್ನದೇ. ‘ಮೈನ್ ಕಾನ್‌ಫ್ಲಿಕ್ಟ್’ ಎಂದರೆ ತಿಕ್ಕಾಟವಿರುವ ಸಾಲುಗಳಲ್ಲಿ ಮಾತ್ರ ನನ್ನದು, ಉಳಿದೆಡೆ ಇಬ್ಬರದೂ. ‘ದೇರ್ಸ್’ ಎಂಬ ಜೋಡಿ ಆಜ್ಞೆಗಳು ಎದುರಿನವರ ಪರವಾಗಿ ಇದನ್ನೇ ಮಾಡುತ್ತವೆ. ಗಿಟ್‌ನಲ್ಲೂ ‘ಅವರ್ಸ್’ ಎಂಬುದು ಒಂದು ತಂತ್ರವಾಗಿ ಬಂದಾಗ ಎದುರಿನವರ ಬ್ರಾಂಚನ್ನು, ಅಂದರೆ ಅವರ ಕೆಲಸದ ಕವಲನ್ನು, ಪೂರ್ತಿ ಕೈಬಿಡುತ್ತದೆ; ಒಂದು ಆಯ್ಕೆಯಾಗಿ ಬಂದಾಗ ತಿಕ್ಕಾಟದ ಸಾಲುಗಳಿಗಷ್ಟೇ ಅನ್ವಯಿಸುತ್ತದೆ. ಹೆಸರು ಒಂದೇ, ಪರಿಣಾಮ ಆನೆ ಆಡಿನಷ್ಟು ಬೇರೆ. ರೀಬೇಸ್ ಮಾಡುವಾಗಲಂತೂ ‘ಅವರ್ಸ್’, ‘ದೇರ್ಸ್’ಗಳು ತಿರುಗುಮುರುಗಾಗುತ್ತವೆ. ಅಲ್ಲಿ ನಿಮ್ಮ ಕಮಿಟ್‌ಗಳನ್ನು ಒಂದೊಂದಾಗಿ ಎತ್ತಿ ಎದುರಿನವರ ಬ್ರಾಂಚಿನ ಮೇಲೆ ಕೂರಿಸುವುದರಿಂದ, ಗಿಟ್‌ನ ಕಣ್ಣಿಗೆ ‘ನಮ್ಮದು’ ಎಂದರೆ ಆ ಬ್ರಾಂಚು, ‘ಅವರದು’ ಎಂದರೆ ನಿಮ್ಮ ಕೆಲಸ. ಇದನ್ನು ಅರಿಯದೆ ಆರಿಸಿದವರು ತಮ್ಮದನ್ನೇ ಅಳಿಸಿಕೊಂಡಿರುತ್ತಾರೆ.

ಹಾಗೆಂದು ಓವರ್‌ರೈಡ್ ಕೆಟ್ಟದ್ದಲ್ಲ. ಅದು ಬೇಕಾಗುವ ಸಂದರ್ಭಗಳು ಬಹಳ ಇವೆ. ತಪ್ಪು ಎಲ್ಲಿದೆಯೆಂದು ಪತ್ತೆಹಚ್ಚಲು ಅಲ್ಲಲ್ಲಿ ತುರುಕಿದ ಪ್ರಿಂಟ್ ಸಾಲುಗಳು, ಕೆಲಸ ಮುಗಿದ ಮೇಲೆ ಯಾರಿಗೂ ಬೇಡ. ಕೇಂದ್ರದ ಪ್ರತಿಯನ್ನು ತಂದುಕೊಂಡರೆ ಆಯಿತು. ಚಿತ್ರ, ಧ್ವನಿಯಂಥ ಫೈಲ್‌ಗಳಲ್ಲಿ ಸಾಲುಗಳೇ ಇಲ್ಲ; ಎರಡರಲ್ಲಿ ಒಂದನ್ನು ಆರಿಸದೆ ಗತಿಯಿಲ್ಲ. ಬೇರೆ ಫೈಲ್‌ಗಳಿಂದ ಯಂತ್ರವೇ ತಯಾರಿಸಿದ ಫೈಲ್‌ಗಳನ್ನು ಕೂಡಿಸುತ್ತ ಕೂರುವುದು ವ್ಯರ್ಥ. ಒಂದನ್ನು ಇಟ್ಟುಕೊಂಡು ಮತ್ತೆ ತಯಾರಿಸಿದರೆ ಸರಿಹೋಗುತ್ತದೆ. ಇಂಥ ಕಡೆಗಳಲ್ಲಿ ಓವರ್‌ರೈಡ್ ಸೋಮಾರಿತನವಲ್ಲ, ಸರಿಯಾದ ನಿರ್ಣಯ. ಎಲ್ಲದಕ್ಕೂ ಸಾಮಾನ್ಯವಾದ ಅಂಶ ಒಂದೇ: ಅಳಿಯುವುದು ಏನು ಎಂಬುದು ಒತ್ತುವವರಿಗೆ ಗೊತ್ತಿದೆ.

ಇನ್ನೊಂದು ಕಡೆ, ಕೆಂಪು ಬಾಣ ಕಾಣದ ಮಾತ್ರಕ್ಕೆ ನೆಮ್ಮದಿ ಪಡುವಂತೆಯೂ ಇಲ್ಲ. ಒಬ್ಬರು ಒಂದು ಫಂಕ್ಷನ್ನಿನ ಹೆಸರು ಬದಲಿಸಿದ್ದಾರೆ, ಇನ್ನೊಬ್ಬರು ಬೇರೆ ಫೈಲಿನಲ್ಲಿ ಅದನ್ನು ಹಳೆಯ ಹೆಸರಿನಿಂದಲೇ ಕರೆದಿದ್ದಾರೆ. ಸಾಲುಗಳು ಎಲ್ಲೂ ಡಿಕ್ಕಿ ಹೊಡೆಯವು, ಕೂಡಿಕೆ ಸಲೀಸಾಗಿ ಮುಗಿಯುತ್ತದೆ, ಪ್ರೋಗ್ರಾಮ್ ಮಾತ್ರ ಓಡುವುದಿಲ್ಲ. ಯಂತ್ರ ಹೋಲಿಸುವುದು ಸಾಲುಗಳನ್ನು, ಅರ್ಥವನ್ನಲ್ಲ.

ಚರಿತ್ರೆಯನ್ನೇ ಬದಲಿಸುವ ಬಲ

2005ರಲ್ಲಿ ಲಿನಕ್ಸ್ ಬಳಗಕ್ಕೆ ಬಿಟ್‌ಕೀಪರ್ ಎಂಬ ವ್ಯವಸ್ಥೆಯ ಉಚಿತ ಬಳಕೆ ತಪ್ಪಿಹೋಯಿತು. ಲಿನಕ್ಸ್‌ನ ಜನಕ ಲೈನಸ್ ಟೋರ್ವಾಲ್ಡ್ಸ್ ಏಪ್ರಿಲ್ 3ರಂದು ತಮ್ಮದೇ ಹೊಸ ವ್ಯವಸ್ಥೆಯೊಂದನ್ನು ಬರೆಯತೊಡಗಿದರು. ಏಪ್ರಿಲ್ 7ರ ಹೊತ್ತಿಗೆ ಅದರ ಕೋಡನ್ನು ಅದರಲ್ಲೇ ಇಡಲು ಶುರುಮಾಡಿದ್ದರು. ಅದೇ ಗಿಟ್.

ಗಿಟ್‌ನಲ್ಲಿ ಪ್ರತಿ ಕಮಿಟ್‌ಗೂ ಅದರ ಒಳಹೂರಣದಿಂದಲೇ ಲೆಕ್ಕಹಾಕಿದ 40 ಅಕ್ಷರಗಳ ಗುರುತು ಇರುತ್ತದೆ, ತನ್ನ ಹಿಂದಿನ ಕಮಿಟ್ ಯಾವುದೆಂದು ಅದು ಹೇಳುತ್ತದೆ. ಬ್ರಾಂಚ್ ಎಂದರೆ ಆ ಸರಪಳಿಯ ಕೊನೆಯ ಕೊಂಡಿಯನ್ನು ತೋರಿಸುವ ಬೆರಳು. ನೀವು ನೋಡದ ಕಮಿಟ್‌ಗಳು ಕೇಂದ್ರದಲ್ಲಿದ್ದರೆ ನಿಮ್ಮ ಪುಶ್ ಅನ್ನು, ಅಂದರೆ ನಿಮ್ಮ ಕಮಿಟ್‌ಗಳನ್ನು ಕೇಂದ್ರಕ್ಕೆ ಕಳಿಸುವುದನ್ನು, ಗಿಟ್ ನಿರಾಕರಿಸುತ್ತದೆ. ಆದರೆ ಫೋರ್ಸ್ ಪುಶ್ ಎಂಬ ಆಜ್ಞೆಯಿದೆ. ಅದು ಬೆರಳನ್ನೇ ಎತ್ತಿ ಬೇರೆ ಕಡೆಗೆ ತಿರುಗಿಸುತ್ತದೆ. ಎಕ್ಲಿಪ್ಸ್‌ನ ಓವರ್‌ರೈಡ್‌ನಲ್ಲಿ ಎದುರಿನವರ ಕೆಲಸ ಚರಿತ್ರೆಯಲ್ಲಾದರೂ ಉಳಿಯುತ್ತಿತ್ತು. ಇಲ್ಲಿ ಚರಿತ್ರೆಯ ಪುಟವೇ ಕಣ್ಮರೆಯಾಗುತ್ತದೆ.

2013ರ ನವೆಂಬರ್ 10ರಂದು ಜೆಂಕಿನ್ಸ್ ಎಂಬ ಮುಕ್ತ ತಂತ್ರಾಂಶ ಯೋಜನೆಯ ಡೆವಲಪರ್ ಒಬ್ಬರ ಕೈಯಿಂದ ಇದು ಅಚಾತುರ್ಯವಾಗಿ ನಡೆಯಿತು. ಒಂದೇ ಆಜ್ಞೆ 150ಕ್ಕೂ ಹೆಚ್ಚು ರೆಪೊಸಿಟರಿಗಳ ಮೇಲೆ ಓಡಿತು. ಅವುಗಳ ಬ್ರಾಂಚುಗಳೆಲ್ಲ ಹಳೆಯ ಕಮಿಟ್‌ಗಳ ಕಡೆಗೆ ಬೆರಳು ತೋರಿಸತೊಡಗಿದವು, ಹೊಸ ಕೆಲಸವೆಲ್ಲ ಕಾಣದಾಯಿತು. ಅದೃಷ್ಟವೆಂದರೆ ಬೆರಳು ಸರಿದರೂ ಕೊಂಡಿಗಳು ತಕ್ಷಣ ಕರಗುವುದಿಲ್ಲ. ಆ ರೆಪೊಸಿಟರಿಗಳಿಗೆ ನೆಲೆಯಾಗಿದ್ದ ಗಿಟ್‌ಹಬ್‌ನ ನೆರವಿನಿಂದ ಯೋಜನೆಯವರು ಬ್ರಾಂಚುಗಳನ್ನು ಮತ್ತೆ ಸರಿಯಾದ ಜಾಗಕ್ಕೆ ತಂದು ನಿಲ್ಲಿಸಿದರು. ನಡೆದದ್ದನ್ನು ಮುಚ್ಚಿಡದೆ ಎಲ್ಲರಿಗೂ ವಿವರಿಸಿದರು. ನಿಮ್ಮ ಸ್ವಂತ ಕಂಪ್ಯೂಟರಿನಲ್ಲೂ ರೆಫ್‌ಲಾಗ್ ಎಂಬ ದಿನಚರಿಯಲ್ಲಿ ಬೆರಳು ಎಲ್ಲೆಲ್ಲಿ ಓಡಾಡಿತೆಂಬ ವಿವರ ಇರುತ್ತದೆ. ಕೈತಪ್ಪಿದ ಕಮಿಟ್‌ಗಳ ವಿವರವನ್ನು ಗಿಟ್ ಸಾಮಾನ್ಯವಾಗಿ 30 ದಿನ ಉಳಿಸಿಕೊಂಡಿರುತ್ತದೆ. ಆದರೆ ಕಮಿಟ್ ಮಾಡದಿರುವ ಕೆಲಸಕ್ಕೆ ಈ ದಿನಚರಿಯಲ್ಲಿ ಜಾಗವಿಲ್ಲ.

ಅದೇ 2013ರಲ್ಲಿ ಬಂದ ಗಿಟ್ 1.8.5 ‘ಫೋರ್ಸ್ ವಿತ್ ಲೀಸ್’ ಎಂಬ ಮೃದುವಾದ ರೂಪವನ್ನು ತಂದಿತು. ‘ಕೇಂದ್ರದ ಬ್ರಾಂಚು ನಾನು ಕಳೆದ ಬಾರಿ ನೋಡಿದ ಜಾಗದಲ್ಲೇ ಇದ್ದರೆ ಮಾತ್ರ ಬದಲಿಸು, ಅಷ್ಟರಲ್ಲಿ ಬೇರೆ ಯಾರಾದರೂ ಹೊಸದನ್ನು ಸೇರಿಸಿದ್ದರೆ ನಿಲ್ಲು’ ಎಂಬುದು ಅದರ ಅರ್ಥ. ‘ನೋಡಿದ್ದೇನೆ’ ಎಂಬ ಸಹಿ ನಿಜವೇ ಎಂದು ಯಂತ್ರ ಪರೀಕ್ಷಿಸುವ ಪ್ರಯತ್ನ ಇದು. ಆದರೂ ಒಂದು ಬಿರುಕು ಉಳಿದಿದೆ. ಕೆಲವು ಕೋಡ್ ಎಡಿಟರ್‌ಗಳು ನಿಮಗೆ ತಿಳಿಯದಂತೆಯೇ ಹಿನ್ನೆಲೆಯಲ್ಲಿ ಕೇಂದ್ರದ ಸುದ್ದಿಯನ್ನು ತಂದಿಟ್ಟಿರುತ್ತವೆ. ಆಗ ಗಿಟ್‌ನ ಲೆಕ್ಕದಲ್ಲಿ ನೀವು ನೋಡಿದ್ದೀರಿ. ನಿಜದಲ್ಲಿ ನೋಡಿದ್ದು ಯಂತ್ರ, ನೀವಲ್ಲ.

ಒತ್ತುವ ಮುನ್ನ

ಅರ್ಧ ಶತಮಾನದಿಂದ ಜಾಣರು ಈ ಪ್ರಶ್ನೆಯ ಸುತ್ತ ದುಡಿದಿದ್ದಾರೆ. ಬೀಗ ಹಾಕಿದರು, ಬೀಗ ತೆಗೆದರು, ಬೇಸ್ ಕಾಪಾಡಿದರು, ಬಾಣಗಳಿಗೆ ಬಣ್ಣ ಹಚ್ಚಿದರು, ಬಲಪ್ರಯೋಗಕ್ಕೂ ಕಡಿವಾಣ ಹಾಕಿದರು. ಯಂತ್ರಕ್ಕೆ ಇವತ್ತಿಗೂ ಸಾಧ್ಯವಾಗದ್ದು ಒಂದೇ: ನೀವು ಎದುರಿನವರ ಸಾಲುಗಳನ್ನು ನಿಜವಾಗಿ ಓದಿದ್ದೀರೋ ಇಲ್ಲವೋ ಎಂದು ತಿಳಿಯುವುದು.

ಹಾಗಾಗಿ ಓವರ್‌ರೈಡ್ ಒತ್ತುವ ಮುನ್ನ ಮೂರು ಕೆಲಸ ಮಾಡಿ. ನಿಮ್ಮ ತಿದ್ದುಪಡಿ ಬೇಡವೆನಿಸಿದರೂ ಅದನ್ನು ಒಮ್ಮೆ ಬೇರೆ ಬ್ರಾಂಚಿನಲ್ಲಿ ಕಮಿಟ್ ಮಾಡಿಡಿ. ಅದಕ್ಕೆ ಬೇಕಾಗುವುದು ಕೆಲವೇ ಕ್ಷಣ. ಬೇಸ್‌ನಿಂದ ಈಚೆಗೆ ಎದುರಿನವರು ಏನು ಬದಲಿಸಿದರು ಎಂಬುದನ್ನು ಸಾಲುಸಾಲಾಗಿ ಓದಿ. ಅವರದನ್ನು ಬಿಡಲೇಬೇಕೆಂದಿದ್ದರೆ ಅವರಿಗೊಂದು ಮಾತು ಹೇಳಿ, ಕಾರಣವನ್ನು ಕಮಿಟ್ ಟಿಪ್ಪಣಿಯಲ್ಲಿ ಬರೆಯಿರಿ. ಲಗ್ನಪತ್ರಿಕೆ ಅಚ್ಚಾಗುವ ಮೊದಲು ಚಿಕ್ಕಪ್ಪನಿಗೊಂದು ಫೋನ್ ಮಾಡುವಷ್ಟೇ ಸುಲಭದ ಕೆಲಸ ಇದು. ಇಷ್ಟು ಮಾಡಿದ ಮೇಲೆ ಒತ್ತಿದ ಗುಂಡಿ ಯಾರದ್ದನ್ನು ಅಳಿಸಿದರೂ ಅದು ಅನ್ಯಾಯವಲ್ಲ. ಓದದೆ ಒತ್ತಿದ್ದಾದರೆ, ಕೇಂದ್ರದ ದಾಖಲೆಯಲ್ಲಿ ನಿಮ್ಮ ಹೆಸರಿನ ಮುಂದೆ ಒಂದು ಸುಳ್ಳು ಸಹಿ ಉಳಿಯುತ್ತದೆ.